ಹದಿನಾಲ್ಕನೇ ಗಾಜು

ನನ್ನ ಆಯುಸ್ಸೆಲ್ಲ ಕಂಡವರ ಮುಖ ರಿಪೇರಿ ಮಾಡುವುದರಲ್ಲೇ ಕಳೆಯಿತು. ಫೋಟೋ ಸ್ಟುಡಿಯೋದಲ್ಲಿ ನೆಗೆಟಿವ್ ತಿದ್ದುವ ಕೆಲಸ ನನ್ನದು. ಹುಡುಗರ ಮೊಡವೆ, ಮ್ಯಾನೇಜರ ಕಣ್ಣಿನ ಕೆಳಗಿನ ಚೀಲ, ದೊಡ್ಡ ಮನುಷ್ಯರ ಹೆಂಡಂದಿರ ಎರಡನೇ ಗದ್ದ, ಎಲ್ಲವನ್ನೂ ಪೆನ್ಸಿಲ್ ಮೊನೆಯಲ್ಲಿ ಮಾಯ ಮಾಡಿದವಳು ನಾನು. ಸ್ಟುಡಿಯೋದಲ್ಲಿ ನನ್ನನ್ನು ಪೌಡರಮ್ಮ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಕ್ಕೇ ಅಮ್ಮ ಆಗಿಬಿಟ್ಟೆ, ಗಂಡನೂ ಇಲ್ಲ ಮಕ್ಕಳೂ ಇಲ್ಲ. ಆ ಹೆಸರಿಗೆ ನನಗೇನೂ ಬೇಜಾರಿರಲಿಲ್ಲ. ಕೈ ಚುರುಕಾಗಿತ್ತು, ಕಣ್ಣು ಚೂಪಾಗಿತ್ತು, ಅದಕ್ಕೆ ತಕ್ಕ ಹಾಗೆ ಜಂಬವೂ ಇತ್ತು.

ಈಗ ಎಪ್ಪತ್ತಾರು. ಅಕ್ಕನಿಗೆ ಎಂಬತ್ತೊಂದು. ಮಿಲ್ಲಿನವರು ಕಟ್ಟಿಸಿದ ಸಾಲುಮನೆಗಳಲ್ಲಿ ಕೊನೆಯ ಮನೆ ಅವಳದು, ಎರಡು ಕೋಣೆ ಮತ್ತೊಂದು ಅಡುಗೆಮನೆ. ಭಾವ ಹೋದ ಮೇಲೆ ನಾನೂ ಬಂದು ಇಲ್ಲೇ ಸೇರಿಕೊಂಡೆ. ಟೀಗೆ ಸಕ್ಕರೆ ಜಾಸ್ತಿ ಆಯ್ತು, ಕಿಟಕಿ ಯಾಕೆ ತೆಗೆದೆ, ಚಾಪೆ ಯಾಕೆ ಮಡಚಲಿಲ್ಲ ಅಂತ ಬೆಳಗಾದರೆ ಇಬ್ಬರದೂ ಶುರು. ಜಗಳ ಆಡುವುದಕ್ಕಾದರೂ ಮನುಷ್ಯರಿಗೆ ಒಬ್ಬರು ಬೇಕಲ್ಲ. ನನಗೆ ಅವಳು ಬಿಟ್ಟರೆ ಯಾರೂ ಇಲ್ಲ, ಅವಳಿಗೂ ಅಷ್ಟೆ.

ಒಂದು ಬೆಳಿಗ್ಗೆ ಮ್ಯೂಸಿಯಂನಿಂದ ಒಬ್ಬಳು ಹುಡುಕಿಕೊಂಡು ಬಂದಳು. ನದಿದಂಡೆಯ ನೂಲಿನ ಗಿರಣಿ ಈಗ ಮ್ಯೂಸಿಯಂ ಆಗಿದೆಯಂತೆ. ನಮ್ಮ ಹಳೆಯ ಸ್ಟುಡಿಯೋ ಒಡೆಯುವಾಗ ಅಟ್ಟದ ಮೇಲೆ ಮರದ ಪೆಟ್ಟಿಗೆಗಳು ಸಿಕ್ಕಿದವಂತೆ, ತುಂಬ ಗಾಜಿನ ನೆಗೆಟಿವ್‌ಗಳು, ಒಂದೊಂದಕ್ಕೂ ಸುತ್ತಿದ ಕಾಗದದ ಮೇಲೆ ನನ್ನ ಕೈಬರಹ. ಮುಂದಿನ ತಿಂಗಳು ಪ್ರದರ್ಶನ ಇಡುತ್ತೇವೆ, ಯಾವ ಕಟ್ಟಡ ಯಾವುದು ಅಂತ ಹೇಳುವವರು ಊರಲ್ಲಿ ನೀವೊಬ್ಬರೇ ಉಳಿದಿರುವುದು ಎಂದಳು. ಉಬ್ಬಿ ಹೋದೆ. ಗಾಜು ಮುಟ್ಟುವಾಗಲೆಲ್ಲ ಬಿಳಿ ಕೈಗವಸು ಹಾಕಿಕೊಳ್ಳುತ್ತಾಳೆ, ಅದಕ್ಕೇ ಅವಳಿಗೆ ಕೈಗವಸು ಅಂತ ಹೆಸರಿಟ್ಟೆ. ಮೂವತ್ತೈದಿರಬಹುದು. ಮಾತು ಕಡಿಮೆ, ಬರೆದುಕೊಳ್ಳುವುದು ಜಾಸ್ತಿ.

ಅವಳು ಹೋದ ಮೇಲೆ ಅಕ್ಕ ಒಂದೇ ಮಾತು ಹೇಳಿದಳು, ನದಿ ಕಡೆ ಹೋಗಬೇಡ ಅಂತ. ನಮ್ಮ ಮನೆಯಲ್ಲಿ ಐವತ್ತು ವರ್ಷದಿಂದ ಯಾರೂ ನದಿಯ ಸುದ್ದಿ ಎತ್ತಿದವರಲ್ಲ. ಅದು ಯಾಕೆ ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಭಾವ, ಅಂದರೆ ಅಕ್ಕನ ಗಂಡ, ನದಿದಂಡೆಯ ಹತ್ತಿ ಗೋದಾಮಿನಲ್ಲಿ ಸರಕಿನ ಲಿಫ್ಟ್ ನಡೆಸುತ್ತಿದ್ದರು. ನಾಲ್ಕು ಮಹಡಿಯ ಇಟ್ಟಿಗೆ ಕಟ್ಟಡ, ಒಂದು ಗೋಡೆ ನೆಟ್ಟಗೆ ನೀರಿಗೇ ಇಳಿದಿತ್ತು. ದೋಣಿಯಲ್ಲಿ ಬಂದ ಹತ್ತಿ ಬೇಲುಗಳನ್ನು, ಅಂದರೆ ಅದುಮಿ ಕಟ್ಟಿದ ದೊಡ್ಡ ಮೂಟೆಗಳನ್ನು, ಮಹಡಿಗೆ ಏರಿಸುವುದು ಅವರ ಕೆಲಸ. ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆ ನದಿಬದಿಯ ಗೋಡೆ ಮಹಡಿಗಳನ್ನೂ ಎಳೆದುಕೊಂಡು ಕುಸಿಯಿತು. ನಾಲ್ಕು ಜನ ಸತ್ತರು, ನಾಲ್ವರೂ ನಮ್ಮ ಸಾಲುಮನೆಯವರೇ. ಭಾವ ಉಳಿದರು, ಉಳಿದದ್ದೇ ತಪ್ಪಾಯಿತು.

ವಿಚಾರಣೆಯಲ್ಲಿ ಭಾವ ಹೇಳಿದ್ದು ಇಷ್ಟೆ: ಗೋಡೆಯಲ್ಲಿ ಬಿರುಕಿತ್ತು, ಎರಡು ತಿಂಗಳಿಂದ ನೋಡುತ್ತಿದ್ದೆ, ಗೋದಾಮಿನ ಸೂಪರ್‌ವೈಸರಿಗೂ ತೋರಿಸಿದ್ದೆ. ಸೂಪರ್‌ವೈಸರು ನನಗೆ ಯಾರೂ ಏನೂ ತೋರಿಸಿಲ್ಲ ಎಂದರು. ಆಮೇಲೆ ಕಂಪನಿಯ ವಕೀಲರು ಒಂದು ದೊಡ್ಡ ಫೋಟೋ ತೆಗೆದು ಮೇಜಿನ ಮೇಲೆ ಹಾಸಿದರು. ಕುಸಿಯುವ ಐದು ವಾರ ಮೊದಲು, ಕಂಪನಿಯ ನೂರು ವರ್ಷದ ಆಲ್ಬಮ್ಮಿಗಾಗಿ ನಮ್ಮ ಸ್ಟುಡಿಯೋ ಯಜಮಾನರೇ ದೋಣಿಯಲ್ಲಿ ಕೂತು ತೆಗೆದ ಫೋಟೋ. ಇಟ್ಟಿಗೆ ಎಣಿಸಬಹುದು, ಅಷ್ಟು ಸ್ವಚ್ಛ. ಬಿರುಕು ಮಾತ್ರ ಇಲ್ಲ. ಎಲ್ಲಪ್ಪಾ ನಿನ್ನ ಬಿರುಕು, ತೋರಿಸು ಅಂತ ಕೇಳಿದರಂತೆ. ಭಾವ ಆ ಫೋಟೋದ ಮೇಲೆ ಬಾಗಿ ಬಾಗಿ ಹುಡುಕಿದರಂತೆ, ಜನ ನಕ್ಕರಂತೆ. ಗೋಡೆ ಗಟ್ಟಿಯಾಗಿಯೇ ಇತ್ತು, ಲಿಫ್ಟಿನವನು ಮಿತಿ ಮೀರಿ ಬೇಲು ಏರಿಸಿದ್ದರಿಂದ ಕುಸಿಯಿತು ಅಂತ ತೀರ್ಪಾಯಿತು.

ಆ ವಾರವೇ ಕೆಲಸ ಹೋಯಿತು. ನದಿದಂಡೆಯ ಯಾವ ಕಾರ್ಖಾನೆಯೂ ಮತ್ತೆ ಸೇರಿಸಿಕೊಳ್ಳಲಿಲ್ಲ. ಮನೆಯ ಜಗಲಿಯಲ್ಲಿ ಕೂತು ಸೀಮೆಎಣ್ಣೆ ಸ್ಟವ್ ರಿಪೇರಿ ಮಾಡುತ್ತಿದ್ದರು. ಬೇರೆ ಬೀದಿಯವರು ಸ್ಟವ್ ತರುತ್ತಿದ್ದರು, ನಮ್ಮ ಸಾಲಿನವರು ತರುತ್ತಿರಲಿಲ್ಲ.

ಒಂದು ಭಾನುವಾರ ನಾನು ಅಕ್ಕನ ಮನೆಗೆ ಬಂದಿದ್ದಾಗ, ಇದೇ ಅಡುಗೆಮನೆಯಲ್ಲಿ, ಭಾವ ನನ್ನನ್ನು ಕೇಳಿದರು. ಮೆತ್ತಗೆ, ನೆಲ ನೋಡಿಕೊಂಡು ಕೇಳಿದರು.

"ಆ ಫೋಟೋಗೆ ನೀನೇನಾದ್ರೂ ಕೈ ಹಾಕಿದ್ಯೇನಮ್ಮ?"

ನನಗೆ ಎಲ್ಲಿತ್ತೋ ಸಿಟ್ಟು, ಮೂಗಿನ ತುದಿಗೇ ಬಂತು. ನನ್ನ ಕೆಲಸದ ಮೇಲೆ ಅನುಮಾನವೇ?

"ಗೋಡೆಗೆ ಯಾರಾದ್ರೂ ಪೌಡರ್ ಹಚ್ತಾರಾ ಭಾವ? ಗಾಜಿನ ಮೇಲಿನ ಗೀರು ತುಂಬಿದ್ದೀನಿ, ಅಷ್ಟೆ. ಮನುಷ್ಯ ಸುಳ್ಳು ಹೇಳಬಹುದು, ಫೋಟೋ ಹೇಳಲ್ಲ."

ಅಕ್ಕ ಒಲೆಯ ಹತ್ತಿರ ನಿಂತು ಕೇಳಿಸಿಕೊಂಡಳು. ಫೋಟೋ ವಿಷಯ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವತ್ತಿಂದ ಅವಳು ಗಂಡನ ಮಾತು ನಂಬುವುದನ್ನು ಬಿಟ್ಟಳು. ಬೀದಿಯ ನಲ್ಲಿಯ ಹತ್ತಿರ ಸತ್ತವರ ಹೆಂಡಂದಿರು ಅವಳ ಕೊಡ ಪಕ್ಕಕ್ಕೆ ತಳ್ಳುತ್ತಿದ್ದರು. ಒಂದು ದಿನ ಅವಳೇ ಅಲ್ಲಿ ನಿಂತು, ಹೌದು, ತಪ್ಪೆಲ್ಲ ನಮ್ಮವರದ್ದೇ ಎಂದಳಂತೆ. ಆಮೇಲೆ ಅವಳಿಗೆ ಸರದಿ ಸಿಕ್ಕಿತು. ಭಾವ ಅದಾದ ಮೇಲೆ ಹತ್ತೊಂಬತ್ತು ವರ್ಷ ಬದುಕಿದರು. ಮೊದಮೊದಲು ಬಿರುಕಿತ್ತು ಎನ್ನುತ್ತಿದ್ದವರು, ಬರಬರುತ್ತಾ ಇತ್ತು ಅನ್ಸುತ್ತೆ ಎಂದರು, ಕೊನೆಕೊನೆಗೆ ಬಾಯಿ ಬಿಟ್ಟು ಏನೂ ಹೇಳುತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ನಾನು ಮ್ಯೂಸಿಯಂಗೆ ಹೋದೆ. ಅಕ್ಕ ಬೇಡ ಎಂದದ್ದಕ್ಕೇ ಇನ್ನಷ್ಟು ಹಟದಿಂದ ಹೋದೆ ಅನ್ನಿ. ಮೇಜಿನ ಮೇಲೆ ಕೆಳಗಿಂದ ಬೆಳಕು ಬರುವ ಹಲಗೆ ಇತ್ತು. ಕೈಗವಸು ಒಂದೊಂದೇ ಗಾಜು ಅದರ ಮೇಲಿಡುವಳು, ನಾನು ಹೇಳುವೆ, ಅವಳು ಬರೆದುಕೊಳ್ಳುವಳು. ಇದು ಬಣ್ಣದ ಕಾರ್ಖಾನೆ, ಸೋಮವಾರ ನೀಲಿ ನೀರು ಬಿಡುತ್ತಿದ್ದರು, ಗುರುವಾರ ಕೆಂಪು. ಇದು ಹಗ್ಗದ ಕಾರ್ಖಾನೆ, ಉದ್ದ ಕಾಲು ಮೈಲಿ, ಒಳಗೆ ಸೈಕಲ್ ಹೊಡೆಯುತ್ತಿದ್ದರು. ಇದು ಕಬ್ಬಿಣದ ಸೇತುವೆ, ಈಗಿನ ಸಿಮೆಂಟಿನದಲ್ಲ. ಈ ಚಿಮಣಿ ಇದ್ದ ಜಾಗದಲ್ಲಿ ಈಗ ಹದಿನೆಂಟು ಮಹಡಿಯ ಫ್ಲಾಟು, ಅಲ್ಲಿನವರಿಗೆ ನದಿ ಕಾಣುವುದಕ್ಕೇ ಬೇರೆ ರೇಟಂತೆ. ಆ ಕಾಲಕ್ಕೆ ನದಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಹೀಗೆ ಹೇಳುತ್ತಾ ಹೇಳುತ್ತಾ ನನಗೂ ಖುಷಿಯಾಗಿಬಿಟ್ಟಿತು, ಸುಳ್ಳು ಯಾಕೆ ಹೇಳಲಿ.

ಎರಡನೇ ವಾರ ಆಲ್ಬಮ್ಮಿನ ಪೆಟ್ಟಿಗೆ ತೆಗೆದಳು. ಇಪ್ಪತ್ತು ಗಾಜು. ಹದಿನಾಲ್ಕನೆಯದು ಗೋದಾಮು. ನಾಲ್ಕು ಸಾಲು ಕಿಟಕಿ, ಕೆಳಗೆ ನೀರು, ದೋಣಿ ಕಟ್ಟುವ ಕಬ್ಬಿಣದ ಬಳೆ. ಬೆಳಕಿನ ಹಲಗೆಯ ಮೇಲೆ ನನ್ನದೇ ಪೆನ್ಸಿಲ್ ಗೆರೆಗಳು ಎದ್ದು ಕಂಡವು. ತಿದ್ದುವವರು ಒಬ್ಬೊಬ್ಬರದೂ ಒಂದೊಂದು ಕೈ. ಕೆಲವರು ಚುಕ್ಕಿ ಇಡುತ್ತಾರೆ, ನಾನು ಅಲ್ಪವಿರಾಮದ ಹಾಗೆ ಬಾಲ ಎಳೆಯುತ್ತಿದ್ದೆ. ಆ ಬಾಲಗಳು ಎರಡನೇ ಮಹಡಿಯ ಮೂರನೇ ಕಿಟಕಿಯ ಮೂಲೆಯಿಂದ ಇಳಿದು, ಎರಡು ಕಡೆ ತಿರುಗಿ, ಆ ಕಬ್ಬಿಣದ ಬಳೆಯವರೆಗೆ ಬಂದಿದ್ದವು.

ಗೀರು ಹಾಗೆ ತಿರುಗುವುದಿಲ್ಲ. ಮರಳಿನ ಹರಳು ಗಾಜಿನ ಮೇಲೆ ಎಳೆದರೆ ನೆಟ್ಟಗೆ ಹೋಗುತ್ತದೆ. ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಬಿರುಕು.

ಕೈಗವಸಿನ ಕೈಯಿಂದ ಗಾಜು ಕಿತ್ತುಕೊಂಡೆ. ಅಮ್ಮಾ, ಬರಿಗೈಲಿ ಮುಟ್ಟಬೇಡಿ ಎಂದಳು, ನಾನೆಲ್ಲಿ ಕೇಳಲಿ. ಕಿಟಕಿಗೆ ವಾರೆ ಹಿಡಿದು, ಭೂತಗನ್ನಡಿ ಇಟ್ಟು ನೋಡಿದೆ. ನಮ್ಮ ಕೆಲಸದಲ್ಲಿ ಮೊದಲ ದಿನ ಹೇಳಿಕೊಡುವ ಪಾಠ ಅದು, ವಾರೆ ಮಾಡಿ ನೋಡು, ಆಮೇಲೆ ಮುಟ್ಟು. ಗಾಜಿನ ಮೇಲಿನ ಲೇಪ ಕಿತ್ತಿದ್ದರೆ ವಾರೆ ಬೆಳಕಿಗೆ ಅದರ ಅಂಚು ಮಿಂಚುತ್ತದೆ, ಅದು ಗೀರು, ತುಂಬಬಹುದು. ಮಿಂಚದಿದ್ದರೆ ಅದು ಚಿತ್ರದಲ್ಲೇ ಇರುವ ಗೆರೆ, ಯಜಮಾನರನ್ನು ಕೇಳದೆ ಮುಟ್ಟಬಾರದು. ನೆಗೆಟಿವ್ ನೇರ ನೋಡಿದರೆ ಎರಡೂ ಒಂದೇ ಥರ, ಬರೀ ಬಿಳಿ ಗೆರೆ. ವಾರೆ ಮಾಡದೆ ಗೊತ್ತಾಗುವುದಿಲ್ಲ. ಹದಿನಾಲ್ಕನೇ ಗಾಜಿನಲ್ಲಿ ನನ್ನ ಪೆನ್ಸಿಲ್ಲಿನ ಅಡಿಯಲ್ಲಿ ಒಂದೇ ಒಂದು ಅಂಚೂ ಮಿಂಚಲಿಲ್ಲ. ಲೇಪ ನುಣ್ಣಗಿತ್ತು. ಅಲ್ಲೇ ಕುರ್ಚಿಯ ಮೇಲೆ ಕೂತೆ.

ಆ ವಾರ ನೆನಪಿಗೆ ಬಂತು. ದೋಣಿಯಲ್ಲಿ ಗಾಜಿನ ಚೌಕಟ್ಟುಗಳೊಳಗೆ ಮರಳು ಸೇರಿ ಇಪ್ಪತ್ತಕ್ಕೆ ಇಪ್ಪತ್ತೂ ಗೀರು ಬಿದ್ದಿದ್ದವು. ಶನಿವಾರದೊಳಗೆ ಮುಗಿಯಬೇಕು ಎಂದಿದ್ದರು ಯಜಮಾನರು. ನಾನು ಶುಕ್ರವಾರವೇ ಮುಗಿಸಿ ಕೊಡುತ್ತೇನೆ ಅಂದವಳು. ಹದಿಮೂರು ಗಾಜು ವಾರೆ ಮಾಡಿ ನೋಡಿದ್ದೆ, ಹದಿಮೂರರಲ್ಲೂ ಗೀರು. ಹದಿನಾಲ್ಕನೆಯದರಲ್ಲಿ ಇನ್ನೇನಿರುತ್ತೆ ಅಂದುಕೊಂಡು ಕೂತ ಹಾಗೇ ತುಂಬಿಬಿಟ್ಟೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ಬೇರೆ ಯಾರಿಗೋ ಹೇಳಿದ್ದು ಅಂತಲೇ ನಾನು ತಿಳಿದಿದ್ದೆ. ಯಜಮಾನರು ಕೆಲಸ ನೋಡಿ ಶಭಾಷ್ ಎಂದಿದ್ದರು. ಅವರು ವಿಚಾರಣೆಗೆ ಮೊದಲೇ ತೀರಿಕೊಂಡರು, ಕೇಳುವವರು ಯಾರೂ ಉಳಿಯಲಿಲ್ಲ, ಭಾವ ಒಬ್ಬರನ್ನು ಬಿಟ್ಟು. ಅವರು ಕೇಳಿದರು. ನಾನು ಪೌಡರಿನ ಮಾತಾಡಿದೆ.

ಕೈಗವಸು ನೀರು ಕೊಟ್ಟಳು. ಅವಳ ಕಂಪ್ಯೂಟರಿನಲ್ಲಿ ಪ್ರತಿ ಫೋಟೋದ ಕೆಳಗೆ ಹಾಕುವ ಬರಹ ತಯಾರಿತ್ತು. ಹದಿನಾಲ್ಕನೆಯದಕ್ಕೆ ಬರೆದಿದ್ದಳು: ಲಿಫ್ಟ್ ಚಾಲಕನ ನಿರ್ಲಕ್ಷ್ಯದಿಂದ ಕುಸಿದ ಗೋದಾಮು, ಐದು ವಾರಗಳ ಮೊದಲು. ಅದನ್ನೇ ಬಾಗಿಲಷ್ಟು ದೊಡ್ಡದು ಮಾಡಿ ಒಳಗೆ ಬರುವಲ್ಲೇ ಹಾಕುತ್ತಾರಂತೆ, ಇಟ್ಟಿಗೆ ಅಷ್ಟು ಚೆನ್ನಾಗಿ ಬಂದಿದೆಯಲ್ಲ ಅಂತ. ನನ್ನ ಹೆಸರನ್ನೂ ಹಾಕುತ್ತೇನೆ ಎಂದಳು, ತಿದ್ದಿದವರು ಅಂತ.

ಮನೆಗೆ ಬಂದೆ. ಅಕ್ಕ ಟೀ ಇಟ್ಟಳು, ಸಕ್ಕರೆ ಜಾಸ್ತಿ ಹಾಕಿದ್ದಳು, ನಾನು ಏನೂ ಅನ್ನಲಿಲ್ಲ. ಅವಳಿಗೆ ಅನುಮಾನ ಬಂದಿರಬೇಕು, ಹುಷಾರಿಲ್ವಾ ಎಂದಳು. ಹೇಳಬೇಕು ಅಂತ ಬಾಯಿ ತೆಗೆಯುವುದು, ಅವಳ ಮುಖ ನೋಡಿ ಮುಚ್ಚುವುದು, ಹೀಗೇ ಒಂಬತ್ತು ದಿನ ಹೋಯಿತು. ನನಗೆ ಹೆದರಿಕೆಯಾಗಿತ್ತು. ಹೇಳಿದರೆ ಅಕ್ಕ ಹೋಗುತ್ತಾಳೆ. ಹೇಳದಿದ್ದರೆ ಭಾವ ಈ ಊರಿನ ಗೋಡೆಯ ಮೇಲೆ ಇನ್ನೊಂದು ಸಲ ಅಪರಾಧಿ, ಅದೂ ನನ್ನ ಹೆಸರಿನ ಪಕ್ಕದಲ್ಲಿ. ಸತ್ತವರಿಗೆ ಏನಾಗಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ನೆಲ ನೋಡಿಕೊಂಡು ಕೇಳಿದ ಆ ಮುಖ ನೆನಪಾಗುತ್ತಿತ್ತು.

ಹತ್ತನೇ ದಿನ ಚೀಲದಲ್ಲಿ ಒಂದು ಸಣ್ಣ ಸೀಸೆ ಟರ್ಪಂಟೈನ್, ಸ್ವಲ್ಪ ಹತ್ತಿ ಹಾಕಿಕೊಂಡು ಹೋದೆ. ಪೆನ್ಸಿಲ್ ಗೆರೆ ಟರ್ಪಂಟೈನಿಗೆ ಅಳಿಸುತ್ತದೆ, ಅಡಿಯ ಚಿತ್ರಕ್ಕೆ ಏನೂ ಆಗುವುದಿಲ್ಲ. ಕೈಗವಸಿಗೆ ಎಲ್ಲ ಹೇಳಿದೆ, ಭಾವ ಯಾರು ಅಂತಲೂ ಹೇಳಿದೆ. ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದಳು. ಆದರೂ ಗಾಜು ಕೊಡಲು ಒಪ್ಪಲಿಲ್ಲ. ತಿದ್ದಿದ್ದೂ ಚರಿತ್ರೆಯೇ ಅಮ್ಮ, ಅಳಿಸಿದರೆ ನೀವು ಮಾಡಿದ್ದಕ್ಕೆ ಸಾಕ್ಷಿ ಹೋಗುತ್ತೆ ಎಂದಳು. ಹೇಗಿದೆ ನೋಡಿ, ನನ್ನ ತಪ್ಪನ್ನೂ ಜೋಪಾನ ಮಾಡುವವರು ಸಿಕ್ಕಿದರು ಕೊನೆಗೆ. ಮಧ್ಯಾಹ್ನದವರೆಗೆ ವಾದ ಮಾಡಿ, ಮೊದಲು ಇದ್ದ ಹಾಗೇ ಒಂದು ಪ್ರತಿ ತೆಗೆದಿಟ್ಟುಕೊಳ್ಳೋಣ, ಆಮೇಲೆ ಒರೆಸಿ, ನಾನು ಪಕ್ಕದಲ್ಲೇ ಇರುತ್ತೇನೆ ಎಂದಳು.

ಕಿಟಕಿಯ ಮೂಲೆಯಿಂದ ಶುರು ಮಾಡಿದೆ. ಹತ್ತಿ ಬೂದು ಬಣ್ಣಕ್ಕೆ ತಿರುಗಿತು, ಅಡಿಯಿಂದ ಗೆರೆ ಇಷ್ಟಿಷ್ಟೇ ಹೊರಟಿತು. ಕೈಗವಸು ಕಂಪ್ಯೂಟರಿನಲ್ಲಿ ಅದನ್ನು ಫೋಟೋ ಮಾಡಿ ತೋರಿಸಿದಳು. ನಾಲ್ಕು ಮಹಡಿಯ ಗೋಡೆ, ಮೂರನೇ ಕಿಟಕಿಯಿಂದ ನೀರಿನವರೆಗೆ ಕಪ್ಪಗೆ ಬಾಯಿಬಿಟ್ಟುಕೊಂಡಿತ್ತು. ಕುರುಡರಿಗೂ ಕಾಣುವಂಥ ಬಿರುಕು. ನಾನು ಅತ್ತೆ, ಅವಳ ಎದುರಿಗೇ ಅತ್ತೆ, ಆ ವಯಸ್ಸಿನವಳ ಎದುರು ಅಳುವುದಕ್ಕೆ ನಾಚಿಕೆಯೂ ಆಗಲಿಲ್ಲ.

ಅದರ ಒಂದು ಪ್ರತಿ ತೆಗೆದುಕೊಂಡು ಸಂಜೆ ಮನೆಗೆ ಬಂದೆ. ಚೀಲದಿಂದ ಆಚೆ ತೆಗೆಯಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತಾ ಕೂತಿದ್ದಳು. ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾಗುತ್ತಿರಲಿಲ್ಲ. ಗೀರು ಅಂದುಕೊಂಡು ಬಿರುಕು ತುಂಬಿಬಿಟ್ಟೆ, ವಾರೆ ಮಾಡಿ ನೋಡಲಿಲ್ಲ, ಭಾವ ಹೇಳಿದ್ದು ನಿಜ, ನಾನು ಹೇಳಿದ್ದು ಸುಳ್ಳು. ಅವಳ ಕೈ ನಿಂತಿತು. ಬೈಯುತ್ತಾಳೆ ಅಂತ ಕಾದೆ. ಹೊಡೆದಿದ್ದರೂ ಸರಿ ಎನಿಸುತ್ತಿತ್ತು.

"ಮೂರನೇ ಕಿಟಕಿನಾ?" ಎಂದು ಕೇಳಿದಳು.

ನಾನು ಕಿಟಕಿಯ ಮಾತೇ ಎತ್ತಿರಲಿಲ್ಲ. ಹೌದು ಎಂದೆ.

ಅವಳು ಮೊಣಕಾಲು ಹಿಡಿದುಕೊಂಡು ಎದ್ದಳು. ಒಲೆಯ ಎದುರಿನ ಗೋಡೆಯ ಹತ್ತಿರ ಹೋಗಿ, ಬರೀ ಸುಣ್ಣದ ಗೋಡೆಯ ಮೇಲೆ ಬೆರಳಿಟ್ಟಳು. ಕೆಳಕ್ಕೆ ಎಳೆದಳು, ಬಲಕ್ಕೆ ತಿರುಗಿಸಿದಳು, ಮತ್ತೆ ಕೆಳಕ್ಕೆ, ಇನ್ನೊಂದು ಸಲ ಬಲಕ್ಕೆ, ಸೊಂಟದ ಮಟ್ಟಕ್ಕೆ ಬಂದು ನಿಲ್ಲಿಸಿದಳು. ಇಲ್ಲಿ ಬಳೆ, ದೋಣಿ ಕಟ್ಟೋದು ಎಂದಳು. ನನ್ನ ಚೀಲದಲ್ಲಿದ್ದ ಫೋಟೋ ಅವಳು ಇನ್ನೂ ನೋಡಿರಲಿಲ್ಲ.

ಆಮೇಲೆ ಹೇಳಿದಳು. ವಿಚಾರಣೆ ಆದ ವರ್ಷದಿಂದ ಭಾವ ಸ್ಟವ್ ರಿಪೇರಿಯ ಸ್ಕ್ರೂಡ್ರೈವರಿನಲ್ಲಿ ಈ ಗೋಡೆಯ ಮೇಲೆ ಅದನ್ನು ಗೀಚುತ್ತಿದ್ದರಂತೆ. ನೋಡು, ಹೀಗಿತ್ತು, ಇಲ್ಲಿಂದ ಇಲ್ಲಿಗೆ ಎನ್ನುತ್ತಿದ್ದರಂತೆ. ಬಂದವರು ನೋಡಿದರೆ ಏನಂದಾರು ಅಂತ ಅವಳು ವರ್ಷ ವರ್ಷ ಸುಣ್ಣ ಬಳಿಯುತ್ತಿದ್ದಳಂತೆ. ಮರೆಯಬಾರದು ಅಂತ ಅವರು ಮತ್ತೆ ಅದೇ ಜಾಗದಲ್ಲಿ ಗೀಚುತ್ತಿದ್ದರಂತೆ. ಮಾತು ನಿಲ್ಲಿಸಿದ ಮೇಲೂ ಗೀಚುವುದು ನಿಲ್ಲಿಸಲಿಲ್ಲವಂತೆ. ತೀರಿಕೊಂಡ ವರ್ಷವೂ ಗೀಚಿದ್ದರು, ಅವರು ಹೋಗಿ ಹದಿನೈದು ದಿನಕ್ಕೆ ಅದನ್ನೂ ಬಳಿದೆ ಎಂದಳು.

"ನೀನು ಒಂದು ಸಲ ಬಳಿದೆ. ಅದೂ ಗೊತ್ತಿಲ್ದೆ. ನಾನು ಹತ್ತೊಂಬತ್ತು ಸಲ ಬಳಿದೀನಿ, ಹದಿನೆಂಟು ಸಲ ಅವರು ನೋಡ್ತಾ ಕೂತಿರೋವಾಗ."

ಅವಳು ನನ್ನನ್ನು ದಾಟಿಕೊಂಡು ಹೋಗಿ ಹಿತ್ತಿಲ ಬಾಗಿಲು ತೆಗೆದಳು. ಸಂಜೆಯ ಬಿಸಿಲು ಗೋಡೆಯ ಉದ್ದಕ್ಕೂ ವಾರೆಯಾಗಿ ಬಿತ್ತು. ಗೆರೆ ಎದ್ದು ಬಂತು. ಅಷ್ಟು ಸುಣ್ಣದ ಕೆಳಗಿಂದ, ಹತ್ತೊಂಬತ್ತು ಸಲ ಒಂದೇ ಜಾಗದಲ್ಲಿ ಗೀಚಿ ಆದ ತಗ್ಗು, ಕಿಟಕಿಯಿಂದ ಬಳೆಯವರೆಗೆ. ಆ ಗೋಡೆಗೆ ಬೆನ್ನು ಕೊಟ್ಟು ನಾನು ಮೂವತ್ತು ಮೂವತ್ತೈದು ವರ್ಷ ಟೀ ಕುಡಿದಿದ್ದೇನೆ.

ಚೀಲದಿಂದ ಫೋಟೋ ತೆಗೆದು ಪಕ್ಕದಲ್ಲಿ ಹಿಡಿದೆ. ಎರಡೂ ಒಂದೇ. ಅಕ್ಕ ಫೋಟೋ ಕಡೆ ಒಂದು ಸಲ ನೋಡಿದಳು, ಗೋಡೆಯ ಕಡೆ ತುಂಬ ಹೊತ್ತು ನೋಡಿದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ಬೀನ್ಸಿನ ಮುಂದೆ ಕೂತಳು.

"ನಾಳೆ ಆ ಹುಡುಗೀನ ಕರ್ಕೊಂಡು ಬಾ. ಈ ಗೋಡೇದೂ ಫೋಟೋ ತೆಗೀಲಿ, ಅದರ ಪಕ್ಕದಲ್ಲೇ ಹಾಕ್ಲಿ. ಹೇಗಿದೆಯೋ ಹಾಗೇ ಇರಬೇಕು, ಏನೂ ತಿದ್ದಬಾರದು ಅಂತ ಹೇಳು."

ಆಗಲಿ ಎಂದೆ. ಗೋಡೆಯಿಂದ ಸುಣ್ಣದ ಒಂದು ಚಕ್ಕೆ ಎದ್ದಿತ್ತು, ಅಭ್ಯಾಸಬಲ, ನನ್ನ ಬೆರಳು ತಾನಾಗಿ ಅದರ ಕಡೆ ಹೋಯಿತು.

"ನೀನಂತೂ ಮುಟ್ಟಬೇಡ," ಎಂದಳು ಅಕ್ಕ.